ಹೊಯಿಗೆಯಲ್ಲಿ ಹೂತ ಸಂಜೆ

ಅಮ್ಮನಿಗೆ ಕಡಲು ಕಾಣಬೇಕಿತ್ತು.

ಮೊಣಕಾಲು ನೋವು ಶುರುವಾಗಿ ನಾಲ್ಕು ವರ್ಷ. ಅಂಗಳ ದಾಟಲೂ ಗೋಡೆ ಹಿಡಿಯುವ ಅವಳು, ಪುಷ್ಯ ಹುಣ್ಣಿಮೆಯ ಮರುದಿನ ಊಟವಾದ ಮೇಲೆ ಕವಳದ ಹರಿವಾಣ ಬದಿಗೆ ಸರಿಸಿ, "ಕಡ್ಲ್ ಕಂಡ್ ಎಷ್ಟ್ ಸಮಯ ಆಯ್ತ್ ಮಗಾ" ಎಂದಳು. ಬೆಂಗಳೂರಿನಿಂದ ನಾಲ್ಕು ದಿನದ ರಜೆಗೆಂದು ಊರಿಗೆ ಬಂದಿದ್ದೆ. ಕಡಲು ಮನೆಯಿಂದ ಹದಿನೈದು ಕಿಲೋಮೀಟರ್. ಅಷ್ಟು ಹತ್ತಿರವಿದ್ದೂ ನಾಲ್ಕು ವರ್ಷ ಅವಳಿಗೆ ಅದು ದೂರವೇ ಆಗಿತ್ತು. ನಾಲ್ಕೂವರೆಗೆ ಹೊರಟೆವು: ಅಮ್ಮ, ಹೆಂಡತಿ, ಒಂಬತ್ತು ವರ್ಷದ ಮಗಳು, ನಾನು.

ಮರವಂತೆಯಲ್ಲಿ ಹೆದ್ದಾರಿ 66ರ ಒಂದು ಮಗ್ಗುಲಲ್ಲಿ ಅರಬ್ಬಿ ಸಮುದ್ರ, ಇನ್ನೊಂದು ಮಗ್ಗುಲಲ್ಲಿ ಸೌಪರ್ಣಿಕಾ ನದಿ. ಕಾರಿನ ಕಿಟಕಿಯಿಂದಲೇ ಎರಡೂ ಕಾಣುತ್ತವೆ. ಆದರೆ ಅಲ್ಲಿ ವಾಹನಗಳ ಸದ್ದು, ಜನರ ಗದ್ದಲ. ಅಮ್ಮನಿಗೆ ಬೇಕಿದ್ದದ್ದು ಅಲೆಯ ಸದ್ದು, ಕಾಲಿಗೆ ತಾಗುವ ನೀರು. ಇನ್ನಷ್ಟು ಉತ್ತರಕ್ಕೆ ಹೋಗಿ, ಎಡಕ್ಕೆ ತಿರುಗುವ ಒಂದು ಮಣ್ಣಿನ ದಾರಿ ಹಿಡಿದೆ. ತೆಂಗಿನ ತೋಟ ದಾಟಿ, ಗಾಳಿಮರಗಳ ಸಾಲು ಮುಗಿಯುವಲ್ಲಿ ದಾರಿಯೂ ಮುಗಿಯಿತು. ಮುಂದೆ ದಂಡೆ. ಮೀನಿನ ಟೆಂಪೊ ಹೋಗಿಬಂದ ಗಾಲಿ ಗುರುತು ನೀರಿನ ಕಡೆಗೆ ಚಾಚಿಕೊಂಡಿತ್ತು. ಇಳಿತದ ಹೊತ್ತು. ಕಡಲು ದೂರ ಸರಿದು, ಒದ್ದೆ ಮರಳು ಸೆಗಣಿ ಸಾರಿಸಿದ ಅಂಗಳದಂತೆ ಗಟ್ಟಿಯಾಗಿ, ನುಣ್ಣಗೆ ಹರಡಿಕೊಂಡಿತ್ತು.

ಮರಗಳ ಸಾಲಿನಿಂದ ನೀರಿಗೆ ನೂರು ಹೆಜ್ಜೆಯಾದರೂ ಇದ್ದೀತು. ಅಮ್ಮನ ಕಾಲಿಗೆ ಆ ನೂರು ಹೆಜ್ಜೆ ಆಗದು. ಟೆಂಪೊ ಹೋದ ದಾರಿಯಲ್ಲಿ ಕಾರು ಹೋಗದೇ ಎಂದುಕೊಂಡು ಇಳಿಸಿದೆ. ಕಾರು ಸಲೀಸಾಗಿ ಹೋಯಿತು. ನೀರಿಗೆ ಹದಿನೈದು ಅಡಿ ಇರುವಾಗ ಕಡಲಿಗೆ ಮುಖ ಮಾಡಿ ನಿಲ್ಲಿಸಿದೆ. ಅಮ್ಮ ಬಾಗಿಲು ತೆಗೆದು ಕೂತಲ್ಲಿಂದಲೇ ಸೂರ್ಯ ಮುಳುಗುವುದನ್ನು ನೋಡಿದಳು. ಮಗಳು ಏಡಿಗಳ ಹಿಂದೆ ಓಡಿದಳು. ಆ ಅರ್ಧ ಗಂಟೆ ನಮ್ಮ ಮನೆಯ ಈಚಿನ ದಿನಗಳಲ್ಲೇ ತುಂಬು ಗಳಿಗೆ.

ಆರೂವರೆಗೆ ಎಲ್ಲರೂ ಹತ್ತಿ ಕೂತೆವು. ರಿವರ್ಸ್ ಹಾಕಿ ಕ್ಲಚ್ ಬಿಟ್ಟೆ. ಕಾರು ಒಂದು ಗೇಣು ಹಿಂದೆ ಸರಿದು ನಿಂತಿತು. ಆಕ್ಸಿಲರೇಟರ್ ಒತ್ತಿದೆ. ಇಂಜಿನ್ ಅಬ್ಬರಿಸಿತು, ಮುಂದಿನ ಗಾಲಿಗಳು ನಿಂತಲ್ಲೇ ಗರಗರ ತಿರುಗಿದವು, ಬಾನೆಟ್ಟು ಮೆಲ್ಲನೆ ಕೆಳಗಿಳಿಯಿತು. ಇನ್ನೂ ಜೋರಾಗಿ ಒತ್ತಿದೆ. ಸುಟ್ಟ ವಾಸನೆ ಒಳಗೆ ಬಂತು. ಇಳಿದು ನೋಡಿದರೆ ಮುಂದಿನ ಎರಡೂ ಗಾಲಿ ಅರ್ಧಕ್ಕರ್ಧ ಹೂತು, ಕಾರಿನ ಹೊಟ್ಟೆ ಮರಳಿಗೆ ತಾಗಿತ್ತು. ತೋಡಿದ ಗುಂಡಿಯಲ್ಲಿ ಆಗಲೇ ನೀರು ಒಸರುತ್ತಿತ್ತು.

ಗಾಲಿ ಯಾಕೆ ಹೂಳುತ್ತದೆ

ಈ ಪ್ರಶ್ನೆಗೆ ಉತ್ತರ ತಿಳಿದುಕೊಂಡದ್ದು ಆ ಸಂಜೆಯ ನಂತರ. ಮೊದಲೇ ತಿಳಿದಿದ್ದರೆ ನಮಗೆ ಎರಡು ಗಂಟೆಯೂ, ಹತ್ತು ಜನರಿಗೆ ಅವರ ಬೆವರೂ ಉಳಿಯುತ್ತಿತ್ತು.

ಜನ ಕೂತ ಒಂದು ಸಣ್ಣ ಕಾರಿನ ತೂಕ ಸುಮಾರು 1,200 ಕಿಲೋ ಎಂದಿಟ್ಟುಕೊಳ್ಳೋಣ. ಒಂದೊಂದು ಗಾಲಿಯ ಪಾಲಿಗೆ 300 ಕಿಲೋ. ಟಯರಿನಲ್ಲಿ 32 ಪಿಎಸ್‌ಐ ಗಾಳಿ ಇದ್ದರೆ ಅದು ನೆಲಕ್ಕೆ ತಾಗುವ ಜಾಗ ದೊಡ್ಡವರ ಒಂದು ಪಾದದಷ್ಟು ಮಾತ್ರ. ಒಂದು ಪಾದದಗಲದ ಜಾಗದ ಮೇಲೆ ಮೂರು ಕ್ವಿಂಟಲ್ ಭಾರ. ಡಾಂಬರು ಅದನ್ನು ತಾಳುತ್ತದೆ. ಮರಳು ತಾಳಬೇಕಾದರೆ ಅದರ ಕಣಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರಬೇಕು.

ಆ ಹಿಡಿತ ಕೊಡುವುದು ನೀರು, ಅದೂ ಹದವಾಗಿ ಇದ್ದಾಗ. ಒಣಮರಳಿನ ಕಣಗಳಿಗೆ ಪರಸ್ಪರ ಯಾವ ನಂಟೂ ಇಲ್ಲ, ಬೊಗಸೆಯಲ್ಲಿ ಹಿಡಿದರೆ ಸೋರಿಹೋಗುತ್ತವೆ. ಸ್ವಲ್ಪ ತೇವ ಸೇರಿದರೆ ಕಣಕಣದ ನಡುವೆ ನೀರಿನ ಸಣ್ಣ ಸೇತುವೆ ಮೂಡಿ ಎರಡನ್ನೂ ಒಂದಕ್ಕೊಂದು ಎಳೆದುಕೊಳ್ಳುತ್ತದೆ. ಮಕ್ಕಳು ಕಟ್ಟುವ ಮರಳಿನ ಗೋಪುರ ನಿಲ್ಲುವುದು ಇದರಿಂದಲೇ. ನೀರು ಇನ್ನೂ ಹೆಚ್ಚಾಗಿ ಎಡೆಗಳೆಲ್ಲ ತುಂಬಿಬಿಟ್ಟರೆ ಆ ಸೇತುವೆಗಳು ಕರಗುತ್ತವೆ, ಅಲುಗಾಡಿಸಿದರೆ ಮರಳು ಅಂಬಲಿಯಂತಾಗುತ್ತದೆ. ಹಾಗಾಗಿ ದಂಡೆಯಲ್ಲಿ ಮೂರು ಪಟ್ಟಿಗಳಿರುತ್ತವೆ. ಮೇಲೆ ಒಣಗಿದ ಸಡಿಲ ಮರಳು, ನಡುವೆ ಹದವಾಗಿ ನೆನೆದ ಗಟ್ಟಿ ಮರಳು, ನೀರಿನಂಚಿಗೆ ತೊಯ್ದು ತುಂಬಿದ ಮರಳು. ನಡುವಿನ ಪಟ್ಟಿಯಲ್ಲಿ ಸುಖವಾಗಿ ಬಂದು ಮೂರನೆಯದರಲ್ಲಿ ಕಾರು ನಿಲ್ಲಿಸಿದ್ದೆ.

ಕಣ್ಣಿಗೆ ಮಾತ್ರ ಎರಡೂ ಒಂದೇ. ಒದ್ದೆ ಮರಳಿನ ಮೇಲೆ ಹೆಜ್ಜೆಯಿಟ್ಟಾಗ ಪಾದದ ಸುತ್ತ ಒಂದು ಕ್ಷಣ ಒಣಗಿದಂತೆ ಬಿಳಿಚಿಕೊಳ್ಳುವುದನ್ನು ನಾವೆಲ್ಲ ನೋಡಿದ್ದೇವೆ. ಆಸ್ಬರ್ನ್ ರೆನಾಲ್ಡ್ಸ್ ಎಂಬ ಇಂಗ್ಲೆಂಡಿನ ವಿಜ್ಞಾನಿ 1885ರಲ್ಲಿ ಇದರ ಕಾರಣ ವಿವರಿಸಿದ. ಒತ್ತೊತ್ತಾಗಿ ಕೂತ ಕಣಗಳನ್ನು ಒತ್ತಿದರೆ ಅವು ಜರುಗಲು ಮೊದಲು ಒಂದರಿಂದೊಂದು ದೂರವಾಗಬೇಕು. ಆಗ ಎಡೆ ಹೆಚ್ಚಿ ಮೇಲಿನ ನೀರು ಒಳಕ್ಕೆ ಇಳಿಯುತ್ತದೆ. ಆ ಗಳಿಗೆಯಲ್ಲಿ ಮರಳು ಕಲ್ಲಿನಂತೆ ಬಿಗಿ. ನಡೆಯುವವರ ಕಾಲಿಗೂ, ನಿಲ್ಲದೆ ಉರುಳುವ ಗಾಲಿಗೂ ಅಷ್ಟೇ ಸಾಕು. ನಿಂತ ಜಾಗದಲ್ಲೇ ಗಾಲಿ ಗಿರಗಿರನೆ ತಿರುಗಿದರೆ ಆ ಜೋಡಣೆ ಪೂರಾ ಒಡೆಯುತ್ತದೆ. ಮತ್ತೆ ಗಾಲಿ ಮಾಡುವುದು ಕಾರು ಓಡಿಸುವ ಕೆಲಸವನ್ನಲ್ಲ, ಬಾವಿ ತೋಡುವ ಕೆಲಸವನ್ನು.

ಇನ್ನೊಂದು ಕಾರಣ ಕಾರಿನೊಳಗೇ ಇದೆ. ನಮ್ಮಲ್ಲಿ ಓಡುವ ಬಹುಪಾಲು ಸಣ್ಣ ಕಾರುಗಳಲ್ಲಿ ಇಂಜಿನ್ನಿನ ಬಲ ಹೋಗುವುದು ಮುಂದಿನ ಎರಡು ಗಾಲಿಗೆ ಮಾತ್ರ. ನಡುವಿರುವ ಡಿಫರೆನ್ಶಿಯಲ್ ಎರಡಕ್ಕೂ ಸಮ ಬಲ ಹಂಚುತ್ತದೆ. ಒಂದು ಗಾಲಿ ಹಿಡಿತವಿಲ್ಲದೆ ಸುತ್ತತೊಡಗಿದರೆ ಅದಕ್ಕೆ ಬೇಕಾಗುವ ಬಲ ಎಷ್ಟು ಅಲ್ಪವೋ, ಹಿಡಿತವಿರುವ ಇನ್ನೊಂದು ಗಾಲಿಗೂ ಅಷ್ಟೇ ಸಿಗುತ್ತದೆ. ಇಂಜಿನ್ನಿನ ಶಕ್ತಿ ಎಷ್ಟಿದ್ದರೂ ಅಲ್ಲಿ ಕೆಲಸಕ್ಕೆ ಬಾರದು.

ಜನವರಿಯ ಮರಳಿಗೆ ಬೇರೆಯೇ ಒಂದು ಗುಣ. ಮಳೆಗಾಲದ ಅಬ್ಬರದ ಅಲೆಗಳು ದಂಡೆಯನ್ನು ಕೊರೆದು ಮರಳನ್ನು ಕಡಲೊಳಕ್ಕೆ ಒಯ್ಯುತ್ತವೆ. ಮಳೆ ಕಳೆದ ಮೇಲೆ ಶಾಂತವಾದ ಅಲೆಗಳು ಅದನ್ನೇ ಸ್ವಲ್ಪ ಸ್ವಲ್ಪವಾಗಿ ತಂದು ದಂಡೆಗೆ ಹಾಕುತ್ತವೆ. ಹೊಸದಾಗಿ ಬಂದು ಕೂತ ಈ ಮರಳು ಇನ್ನೂ ಸಡಿಲ. ದಂಡೆ ಅಗಲವಾಗಿ, ಚಂದವಾಗಿ, ಕರೆಯುವಂತೆ ಕಾಣುವ ತಿಂಗಳುಗಳಲ್ಲೇ ಕಾಲ ಕೆಳಗಿನ ನೆಲ ನಂಬುವಂಥದ್ದಲ್ಲ.

"ಗಾಳಿ ತೆಗಿಕ್"

ನಾಲ್ಕನೆಯ ಸಲ ಇಂಜಿನ್ ಅಬ್ಬರಿಸಿದಾಗ ಗಾಳಿಮರಗಳ ಕಡೆಯಿಂದ ಕೂಗು ಕೇಳಿತು. "ಹ್ವಾಯ್! ನಿಲ್ಸಿ ಮಾರಾಯ್ರೆ, ನಿಲ್ಸಿ! ಒತ್ತಿದಷ್ಟೂ ಒಳ್ಗ್ ಹೋತ್ತ್!"

ಎಪ್ಪತ್ತರ ಆಸುಪಾಸಿನ ಒಬ್ಬ ಅಜ್ಜ. ಮಂಡಿಯ ಮೇಲೆ ಕಟ್ಟಿದ ಪಂಚೆ, ಬರಿಮೈ, ಹೆಗಲ ಮೇಲೊಂದು ಬೈರಾಸು. ಹಿಂದೆ ನಾಲ್ಕು ಹುಡುಗರು. ದೋಣಿಯ ಚಪ್ಪರದಡಿ ಬಲೆ ಸರಿಮಾಡುತ್ತಾ ಕೂತಿದ್ದವರು. ಅಜ್ಜ ಕಾರಿಗೊಂದು ಸುತ್ತು ಬಂದ, ಬಗ್ಗಿ ಹೊಟ್ಟೆಯಡಿ ಕೈಹಾಕಿ ನೋಡಿದ, ಆಮೇಲೆ ಕಡಲನ್ನು ನೋಡಿದ. ಒಂದು ಬೈಗುಳವಿಲ್ಲ, ಬುದ್ಧಿಮಾತೂ ಇಲ್ಲ.

"ಎಲ್ಲ ಇಳೀಕ್. ಸಾಮಾನೂ ಇಳ್ಸಿ. ಮತ್ತೆ ಗಾಳಿ ತೆಗಿಕ್."

ಟಯರಿನ ಗಾಳಿ ತೆಗೆಯುವುದೇ? ಅರ್ಥವಾಗದೆ ನೋಡಿದೆ. ಅಜ್ಜ ಒಂದು ಕಡ್ಡಿ ಹೆಕ್ಕಿಕೊಂಡು ವಾಲ್ವಿಗೆ ಒತ್ತಿ ತೋರಿಸಿದ. ಸುಯ್ಯೆಂದು ಗಾಳಿ ಹೋಗುತ್ತಾ ಟಯರು ಕೆಳಗಡೆ ಚಪ್ಪಟೆಯಾಯಿತು. "ಹೊಯ್ಗಿ ಮೇಲೆ ಒಂಟೆ ಕಾಲ್ ಹಾಂಗ್ ಅಗಲ ಆಯ್ಕ್" ಎಂದ. ನಮ್ಮ ಕಡೆ ಮರಳಿಗೆ ಹೊಯಿಗೆ ಎಂದೇ ಹೆಸರು. ಮನೆ ಕಟ್ಟಿಸಲು ತರಿಸುವುದೂ ಹೊಯಿಗೆ, ಕಡಲ ದಂಡೆಯದೂ ಹೊಯಿಗೆ. ನಗರಕ್ಕೆ ಹೋಗಿ ನಾನು ಮರೆತಿದ್ದ ಪದವನ್ನು ಅಜ್ಜ ತಿರುಗಿ ಬಾಯಿಗೆ ಕೊಟ್ಟ.

ಅವನ ಮಾತಿನ ಹಿಂದಿನ ಲೆಕ್ಕ ಸರಳ. ಗಾಳಿಯ ಒತ್ತಡ ಅರ್ಧಕ್ಕಿಳಿದರೆ ಟಯರು ನೆಲಕ್ಕೆ ತಾಗುವ ಜಾಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಅದೇ ಭಾರ ಎರಡರಷ್ಟು ಜಾಗಕ್ಕೆ ಹಂಚಿಹೋಗುತ್ತದೆ. ಟಯರು ಅಗಲವಾಗುವುದಕ್ಕಿಂತ ಉದ್ದವಾಗುವುದು ಹೆಚ್ಚು. ಹಾಗಾಗಿ ಅದು ಕೊರೆಯದೆ ಬುಲ್ಡೋಜರಿನ ಪಟ್ಟಿಯಂತೆ ಮೇಲೆ ಹಾಯುತ್ತದೆ. ಆದರೆ ತೀರ 15 ಪಿಎಸ್‌ಐಗಿಂತ ಕೆಳಗೆ ಇಳಿಸಿದರೆ ಟಯರು ರಿಮ್ಮಿನಿಂದ ಕಳಚಿಕೊಳ್ಳುವ ಅಪಾಯವಿದೆ. ಗಾಳಿ ಕಡಿಮೆ ಇರುವಾಗ ವೇಗ ಕೂಡದು, ಸ್ಟೇರಿಂಗನ್ನು ಒಮ್ಮೆಗೇ ತಿರುಗಿಸಲೂ ಕೂಡದು.

ಮರುಭೂಮಿಯಲ್ಲಿ ಕಲಿತದ್ದು, ಮಂಗಳದಲ್ಲಿ ಕಲಿತದ್ದು

ಅಜ್ಜ ಹೇಳಿದ್ದನ್ನೇ ಬ್ರಿಟಿಷ್ ಸೇನೆಯ ಇಂಜಿನಿಯರ್ ರಾಲ್ಫ್ ಬ್ಯಾಗ್ನಾಲ್ಡ್ ಈಜಿಪ್ಟಿನ ಮರುಭೂಮಿಯಲ್ಲಿ ಕಲಿತಿದ್ದ. 1920ರ ದಶಕದ ಕೊನೆಯಿಂದ ಅವನೂ ಅವನ ಗೆಳೆಯರೂ ಫೋರ್ಡ್ ಕಾರುಗಳಲ್ಲಿ ಲಿಬಿಯಾ ಮರುಭೂಮಿಗೆ ನುಗ್ಗಿದರು. ಒಂಟೆಗಳೂ ಹಿಂಜರಿಯುವ ಮರಳ ಸಾಗರವನ್ನು ಮೋಟಾರು ಗಾಡಿ ದಾಟಲಾರದು ಎಂದು ಎಲ್ಲರೂ ನಂಬಿದ್ದ ಕಾಲ ಅದು. ಟಯರಿನ ಗಾಳಿ ಇಳಿಸಿದರು. ಗಾಲಿ ಹೂತಲ್ಲಿ ಉದ್ದನೆಯ ಉಕ್ಕಿನ ತಗಡುಗಳನ್ನು ಅಡಿಗೆ ಕೊಟ್ಟರು. ಬೇಡದ ಭಾರವನ್ನೆಲ್ಲ ಬಿಟ್ಟರು. ಹಾಗೆ ದಾಟಿದರು. ಮರಳು ಹೇಗೆ ಚಲಿಸುತ್ತದೆ ಎಂಬ ಕುತೂಹಲ ಬ್ಯಾಗ್ನಾಲ್ಡನನ್ನು ಬಿಡಲಿಲ್ಲ. 1941ರಲ್ಲಿ ಅವನು ಪ್ರಕಟಿಸಿದ ಮರಳು ದಿಬ್ಬಗಳ ಭೌತಶಾಸ್ತ್ರದ ಪುಸ್ತಕಕ್ಕೆ ಇಂದಿಗೂ ಆ ಕ್ಷೇತ್ರದಲ್ಲಿ ಮೂಲಗ್ರಂಥದ ಸ್ಥಾನ. ಇಂದು ಮರಳುಗಾಡಿಗೆ ಹೋಗುವ ಜೀಪುಗಳ ಮಗ್ಗುಲಿಗೆ ಕಟ್ಟಿರುವ ಹಲಗೆಗಳು ಅವನ ತಗಡುಗಳ ಮೊಮ್ಮಕ್ಕಳು.

ಒತ್ತಿದಷ್ಟೂ ಒಳಗೆ ಹೋಗುತ್ತದೆ ಎಂಬ ಮಾತಿನ ಸತ್ಯ ಭೂಮಿಯಾಚೆಗೂ ಪರೀಕ್ಷೆಗೊಳಗಾಗಿದೆ. 2004ರ ಜನವರಿಯಲ್ಲಿ ಮಂಗಳ ಗ್ರಹಕ್ಕಿಳಿದ ನಾಸಾದ 'ಸ್ಪಿರಿಟ್' ರೋವರ್ 2009ರಲ್ಲಿ ಮೇಲ್ಪದರ ಗಟ್ಟಿಯಾಗಿ ಕಾಣುತ್ತಿದ್ದ ನೆಲದ ಮೇಲೆ ಹಾದುಹೋಗುವಾಗ ಆ ಪದರ ಒಡೆದು, ಕೆಳಗಿನ ಸಡಿಲ ಮಣ್ಣಿನಲ್ಲಿ ಗಾಲಿ ಹೂತಿತು. ವಿಜ್ಞಾನಿಗಳು ತಕ್ಷಣ ಓಡಿಸುವುದನ್ನು ನಿಲ್ಲಿಸಿದರು. ಭೂಮಿಯ ಮೇಲೆ ಅದೇ ಬಗೆಯ ಮಣ್ಣು ಹರಡಿ, ಇನ್ನೊಂದು ರೋವರನ್ನು ಬೇಕೆಂದೇ ಹೂತು, ತಿಂಗಳುಗಟ್ಟಲೆ ಉಪಾಯ ಹುಡುಕಿದರು. ಆದರೂ ಸ್ಪಿರಿಟ್ ಮೇಲೇಳಲಿಲ್ಲ. ಅದು ಇನ್ನು ಚಲಿಸದು ಎಂದು 2010ರ ಜನವರಿಯಲ್ಲಿ ಘೋಷಿಸಬೇಕಾಯಿತು. ಅದರ ಜೊತೆಗಾರ 'ಆಪರ್ಚುನಿಟಿ' 2005ರಲ್ಲಿ ಒಂದು ಮರಳ ಅಲೆಯಲ್ಲಿ ಸಿಕ್ಕಿಕೊಂಡಿತ್ತು. ಐದು ವಾರ ಅಂಗುಲ ಅಂಗುಲವಾಗಿ ಸರಿಸಿ ಅದನ್ನು ಬಿಡಿಸಿಕೊಂಡರು. ಎರಡೂ ಕಡೆ ಮೊದಲು ಮಾಡಿದ ಕೆಲಸ ಒಂದೇ: ನಿಲ್ಲಿಸಿದ್ದು.

ಸಿಕ್ಕಿಕೊಂಡವನ ಮೊದಲ ತಪ್ಪು ಮರಳಿಗೆ ಇಳಿದದ್ದು. ಎರಡನೆಯದು, ಸಿಕ್ಕಿಕೊಂಡೆ ಎಂದು ಗೊತ್ತಾದ ಮೇಲೂ ಕಾಲು ಎತ್ತದೆ ಇದ್ದದ್ದು. ಮೊದಲನೆಯದಕ್ಕೆ ಅರ್ಧ ಗಂಟೆಯಲ್ಲಿ ಪರಿಹಾರವಿದ್ದೀತು. ಎರಡನೆಯದು ಕಾರನ್ನೇ ನುಂಗಬಹುದು.

ನೀರಿನ ಲೆಕ್ಕ

ಅಜ್ಜ ಕಡಲನ್ನು ನೋಡಿದ್ದು ಯಾಕೆಂದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಮುಂದಿನದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ದಿನದಿನಕ್ಕೆ ಹೊತ್ತು 50 ನಿಮಿಷದಷ್ಟು ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಸೂರ್ಯ ಚಂದ್ರರ ಸೆಳೆತ ಕೂಡಿಕೊಂಡು ಏರಿಳಿತ ಅತಿ ಹೆಚ್ಚು. ಅಂಥ ದಿನಗಳ ಸಂಜೆ ಇಲ್ಲಿ ಕಡಲು ದೂರ ಸರಿದು, ನಡುರಾತ್ರಿಯ ಸುಮಾರಿಗೆ ತುಂಬಿ ನಿಲ್ಲುತ್ತದೆ. ದಂಡೆ ಅತ್ಯಂತ ಅಗಲವಾಗಿ ಕಂಡ ಆ ಸಂಜೆಯೇ ನೀರು ಅತ್ಯಂತ ಮೇಲಕ್ಕೆ ಬರುವ ರಾತ್ರಿಯ ಮುನ್ನುಡಿಯಾಗಿತ್ತು.

ಏರಿಳಿತದ ಎತ್ತರ ನಮ್ಮಲ್ಲಿ ದೊಡ್ಡದಲ್ಲ, ಒಂದೂವರೆ ಎರಡು ಮೀಟರಿನ ಆಸುಪಾಸು. ಆದರೆ ಚಪ್ಪಟೆ ದಂಡೆಯ ಮೇಲೆ ಅಷ್ಟು ಎತ್ತರ ಏರುವ ನೀರು ಅಡ್ಡಕ್ಕೆ ಹತ್ತಾರು ಮೀಟರ್ ಒಳಬರುತ್ತದೆ. ಅದು ಏರುವುದೂ ಒಂದೇ ವೇಗದಲ್ಲಲ್ಲ. ನಾವಿಕರು ಬಳಸುವ ಒಂದು ಹಳೆಯ ಲೆಕ್ಕವಿದೆ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯದರಲ್ಲಿ ಮೂರು ಮೂರು, ಐದನೆಯದರಲ್ಲಿ ಎರಡು, ಆರನೆಯದರಲ್ಲಿ ಒಂದು. ಮೊದಲ ಗಂಟೆ ಕಡಲು ಸುಮ್ಮನಿರುವಂತೆ ತೋರುತ್ತದೆ. ಮೂರನೆಯ ಗಂಟೆಗೆ ನುಗ್ಗಿ ಬರುತ್ತದೆ. ನಮ್ಮ ಕೈಯಲ್ಲಿದ್ದದ್ದು ಆ ಮೊದಲ ಎರಡು ಗಂಟೆ.

ಅಜ್ಜನಿಗೆ ಈ ಪಾಲುಗಳ ಲೆಕ್ಕ ಯಾರೂ ಹೇಳಿಕೊಟ್ಟಿರಲಿಲ್ಲ. ಅವನ ಲೆಕ್ಕ ಬೇರೆ. "ಚಂದ್ರ ಮೇಲ್ ಬಂದ್ರೆ ಭರತ ಜೋರ್ ಆತ್ತ್. ಅಷ್ಟ್ರೊಳ್ಗ್ ಎಬ್ಸುಕ್ ಆಯ್ಕ್" ಎಂದ. ಕೊಡಚಾದ್ರಿಯ ಕಡೆ ಆಕಾಶ ಆಗಲೇ ಬೆಳ್ಳಗಾಗುತ್ತಿತ್ತು.

ಐಲೇಸಾ

ಒಬ್ಬ ಹುಡುಗ ಓಡಿಹೋಗಿ ಕೇರಿಯಿಂದ ಇನ್ನೂ ಆರೇಳು ಮಂದಿಯನ್ನು ಕರೆತಂದ. ಇಬ್ಬರು ಹೆಂಗಸರೂ ಬಂದರು, ಕೈಯಲ್ಲಿ ಬಕೆಟ್, ಗೆರಟೆ. ಎಲ್ಲರೂ ಸುತ್ತ ಕೂತು ಕಾರಿನ ಹೊಟ್ಟೆಯಡಿಯ ಮರಳನ್ನು ಗೆರಟೆಯಲ್ಲಿ, ಬರಿಗೈಯಲ್ಲಿ ತೋಡಿ ತೆಗೆದರು. ಗಾಲಿಯ ಹಿಂದೆ ಕಡಿದಾದ ಗೋಡೆಯ ಬದಲು ಇಳಿಜಾರು ಮಾಡಿದರು. ದೋಣಿಯ ಹಳೆಯ ಹಲಗೆಯೊಂದನ್ನು ಅಡಿಗಿಟ್ಟು ಅದರ ಮೇಲೆ ಜ್ಯಾಕ್ ನಿಲ್ಲಿಸಿದರು. ಹಲಗೆಯಿಲ್ಲದೆ ಇಟ್ಟಿದ್ದರೆ ಜ್ಯಾಕೇ ಹೂತುಹೋಗುತ್ತಿತ್ತು. ಒಂದೊಂದೇ ಗಾಲಿ ಎತ್ತಿ ಗುಂಡಿಗೆ ಮರಳು ತುಂಬಿ, ಮೇಲೆ ತೆಂಗಿನ ಮಡಲು ಹಾಸಿದರು. ಬ್ಯಾಗ್ನಾಲ್ಡನ ಉಕ್ಕಿನ ತಗಡು ನಮ್ಮೂರಿನಲ್ಲಿ ತೆಂಗಿನ ಮಡಲು.

ಹೆಂಗಸರು ಮಾಡಿದ ಕೆಲಸ ನನಗೆ ಮೊದಲು ತಿಳಿಯಲಿಲ್ಲ. ಕಾರು ಹಿಂದಕ್ಕೆ ಹೋಗಬೇಕಾದ ದಾರಿಯಲ್ಲಿ, ಮೇಲಿನ ಒಣಮರಳಿನ ಮೇಲೆ, ಬಕೆಟ್ಟಿನಿಂದ ನೀರು ಚಿಮುಕಿಸುತ್ತಿದ್ದರು. ಉಪಾಯ ಹಳೆಯದು. ಈಜಿಪ್ಟಿನಲ್ಲಿ ಜೆಹುತಿಹೊಟೆಪ್ ಎಂಬ ಅಧಿಕಾರಿಯ ಸಮಾಧಿಯಲ್ಲಿ ಸುಮಾರು 3,900 ವರ್ಷ ಹಿಂದಿನ ಒಂದು ಚಿತ್ರವಿದೆ. ದೊಡ್ಡ ಪ್ರತಿಮೆಯನ್ನು ಜಾರುಬಂಡಿಯ ಮೇಲಿಟ್ಟು ಹಲವು ಸಾಲು ಜನ ಎಳೆಯುತ್ತಿದ್ದಾರೆ, ಒಬ್ಬ ಬಂಡಿಯ ಮುಂಭಾಗದಲ್ಲಿ ನಿಂತು ನೆಲಕ್ಕೆ ನೀರು ಸುರಿಯುತ್ತಿದ್ದಾನೆ. ಅದು ಪೂಜೆಯ ವಿಧಿಯೆಂದು ಬಹುಕಾಲ ತಿಳಿದವರಿದ್ದರು. ಆಮ್‌ಸ್ಟರ್‌ಡ್ಯಾಂ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು 2014ರಲ್ಲಿ ಪ್ರಯೋಗ ಮಾಡಿ, ಮರಳನ್ನು ಹದವಾಗಿ ನೆನೆಸಿದರೆ ಎಳೆಯಲು ಬೇಕಾದ ಬಲ ಅರ್ಧಕ್ಕಿಳಿಯುತ್ತದೆಂದು ತೋರಿಸಿಕೊಟ್ಟರು. ದೋಣಿ ಎಳೆಯುವ ಮನೆಗಳ ಹೆಂಗಸರು ಬಕೆಟ್ ಹಿಡಿದು ಮಾಡುತ್ತಿದ್ದದ್ದೂ ಅದನ್ನೇ.

ಈ ಗಡಿಬಿಡಿಯಲ್ಲಿ ಅಮ್ಮನನ್ನು ಮರೆತಿದ್ದೆ. ಅವಳು ಕಾರಿಗೆ ಒರಗಿ ನಿಂತಿದ್ದಳು. ಅದನ್ನು ಮೊದಲು ಕಂಡದ್ದು ಇಬ್ಬರು ಹುಡುಗರು. ಚಪ್ಪರದಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತಂದು, "ಅಮ್ಮಾ, ಕೂಕಣಿ" ಎಂದರು. ಅಮ್ಮ ಕೂತಳು. ಕಡಲ ಕಡೆಗೇ ಅವಳ ನೋಟವಿದ್ದದ್ದನ್ನು ಕಂಡು ಒಬ್ಬ ಕೇಳಿದ, "ನೀರಿನ್ ಹತ್ರ ಹೋಪ ಅಮ್ಮಾ?" ಅವಳು ತಲೆಯಾಡಿಸಿದ್ದೇ ತಡ, ಇಬ್ಬರೂ ಆಚೀಚೆ ಹಿಡಿದು ಕುರ್ಚಿಸಹಿತ ಎತ್ತಿ, ಇಪ್ಪತ್ತು ಹೆಜ್ಜೆ ನಡೆದು ಅಲೆಯಂಚಿನಲ್ಲಿ ಇಳಿಸಿದರು. ನೊರೆ ಬಂದು ಅವಳ ಪಾದ ಮುಳುಗಿಸಿ ಹೋಯಿತು. ನಾಲ್ಕು ವರ್ಷದಿಂದ ಅಮ್ಮನ ಮುಖದಲ್ಲಿ ಕಾಣದ ಒಂದು ಬೆಳಕನ್ನು ಆಗ ಕಂಡೆ. ಮಗಳು ಅಜ್ಜಿಯ ಕೈ ಹಿಡಿದು ಪಕ್ಕದಲ್ಲಿ ನಿಂತಿದ್ದಳು.

ಏಳೂವರೆ ದಾಟಿತ್ತು. ಚಂದ್ರ ಮರಗಳ ಮೇಲಕ್ಕೆ ಬಂದಿದ್ದ. ಅಮ್ಮನ ಕುರ್ಚಿಯನ್ನು ಹುಡುಗರು ಮೇಲಕ್ಕೆ ತಂದಿಟ್ಟರು. ಕಾರಿನ ಹಿಂಬದಿಯ ಎಳೆಕೊಕ್ಕೆಗೆ ಬಲೆ ಎಳೆಯುವ ದಪ್ಪ ಹಗ್ಗ ಕಟ್ಟಿದರು. ಬಂಪರಿಗೆ ಕಟ್ಟಬಾರದು, ಕಿತ್ತುಬರುತ್ತದೆ. ಹಗ್ಗ ಹರಿದರೆ ಚಾಟಿಯಂತೆ ಬೀಸುವುದರಿಂದ ಮಗಳನ್ನೂ ಹೆಂಡತಿಯನ್ನೂ ದೂರ ನಿಲ್ಲಲು ಅಜ್ಜ ಹೇಳಿದ. ನನಗೆ ಹೇಳಿದ್ದು ಮೂರೇ ಮಾತು. ಸ್ಟೇರಿಂಗ್ ನೇರ ಇರಲಿ, ಕ್ಲಚ್ ಮೆಲ್ಲ ಬಿಡು, ಗಾಲಿ ಸುತ್ತಿದರೆ ಕೂಡಲೇ ಕಾಲು ತೆಗೆ.

"ಐಲೇಸಾ..." ಅಜ್ಜ ಎತ್ತಿದ. "ಐಲೇಸಾ!" ಹತ್ತು ಕಂಠ ಒಟ್ಟಾಗಿ ಓಗೊಟ್ಟವು. ಕೈರಂಪಣಿ ಬಲೆ ಎಳೆಯುವಾಗಿನ ಅದೇ ಲಯ. ಒಬ್ಬೊಬ್ಬರೇ ಹತ್ತು ಸಲ ಎಳೆದರೆ ಜರುಗದ್ದು ಹತ್ತು ಮಂದಿ ಒಂದೇ ಉಸಿರಿಗೆ ಎಳೆದರೆ ಜರುಗುತ್ತದೆ. ಆ ಒಂದೇ ಉಸಿರನ್ನು ಕೂಡಿಸುವುದಕ್ಕೆಂದೇ ಹುಟ್ಟಿದ ಪದ ಅದು. ಮೂರನೆಯ ಕೂಗಿಗೆ ಕಾರು ನಡುಗಿತು. ನಾಲ್ಕನೆಯದಕ್ಕೆ ಮಡಲಿನ ಮೇಲೇರಿತು. ಗಾಲಿ ಚರಚರ ಸದ್ದು ಮಾಡುತ್ತಾ ಹಿಂದಕ್ಕೆ ಉರುಳತೊಡಗಿತು. ನಿಲ್ಲಿಸದೆ, ಬಂದ ಗಾಲಿ ಗುರುತಿನಲ್ಲೇ, ಗಾಳಿಮರಗಳವರೆಗೆ ತಂದು ನಿಲ್ಲಿಸಿದೆ. ಕೈ ನಡುಗುತ್ತಿತ್ತು.

"ಗುಂಡಿ ಮುಚ್ಚಿ ಹೋಯ್ಕ್"

ಜೇಬಿನಿಂದ ಹಣ ತೆಗೆದೆ. ಅಜ್ಜ ನನ್ನ ಕೈಯನ್ನು ಮೆಲ್ಲಗೆ ಹಿಂದಕ್ಕೆ ದೂಡಿದ. "ದುಡ್ಡ್ ಬ್ಯಾಡ. ಆ ಗುಂಡಿ ಮುಚ್ಚಿ ಹೋಯ್ಕ್. ರಾತ್ರಿ ಆಮೆ ಬತ್ತ್."

ನಮ್ಮ ಕಾರಿಗಾಗಿ ತೋಡಿದ ಗುಂಡಿಗಳು, ಗಾಲಿ ಕೊರೆದ ಎರಡು ಉದ್ದನೆಯ ಕಾಲುವೆಗಳು ಬೆಳದಿಂಗಳಲ್ಲಿ ಕಪ್ಪಗೆ ಕಾಣುತ್ತಿದ್ದವು. ಆಲಿವ್ ರಿಡ್ಲೆ ಕಡಲಾಮೆಗಳು ಚಳಿಗಾಲದ ತಿಂಗಳುಗಳಲ್ಲಿ ಕುಂದಾಪುರ, ಬೈಂದೂರು, ಹೊನ್ನಾವರದ ದಂಡೆಗಳಿಗೆ ರಾತ್ರಿ ಹೊತ್ತು ಬರುತ್ತವೆ. ಮರಳಿನಲ್ಲಿ ಒಂದೂವರೆ ಅಡಿ ಆಳ ತೋಡಿ, ಸುಮಾರು ನೂರು ಮೊಟ್ಟೆ ಇಟ್ಟು, ಮುಚ್ಚಿ ಕಡಲಿಗೆ ಮರಳುತ್ತವೆ. 45ರಿಂದ 60 ದಿನದೊಳಗೆ ಮರಿಗಳು ಮರಳು ಸರಿಸಿಕೊಂಡು ಮೇಲೆ ಬಂದು, ಕಡಲ ಮೇಲಿನ ಮಂದ ಬೆಳಕನ್ನು ಗುರುತಾಗಿಟ್ಟುಕೊಂಡು ನೀರಿನತ್ತ ತೆವಳುತ್ತವೆ. ಅಂಗೈಯಲ್ಲಿ ಹಿಡಿಯುವಷ್ಟು ಜೀವ.

ಗಾಲಿ ಹರಿದರೆ ಮರಳು ಗಟ್ಟಿಯಾಗಿ ಮರಿಗಳು ಮೇಲೆ ಬರಲಾರವು. ಗೂಡಿನ ಮೇಲೆಯೇ ಹರಿದರೆ ಮೊಟ್ಟೆಗಳೇ ಒಡೆಯಬಹುದು. ಗಾಲಿ ಕೊರೆದ ಕಾಲುವೆಗೆ ಬಿದ್ದ ಮರಿಗೆ ಅದರ ಗೋಡೆ ಬೆಟ್ಟದಷ್ಟು ಎತ್ತರ. ಕಡಲಿಗೆ ಹೋಗುವ ಬದಲು ಕಾಲುವೆಯುದ್ದಕ್ಕೂ ತೆವಳಿ ದಣಿಯುತ್ತದೆ, ಅಷ್ಟರಲ್ಲಿ ಏಡಿ, ನಾಯಿ, ಹಕ್ಕಿಗಳ ಬಾಯಿಗೆ ಬೀಳುತ್ತದೆ. ಕಾರಿನ ಹೆಡ್‌ಲೈಟು ದಂಡೆಯ ಮೇಲೆ ಬಿದ್ದರೆ ಬೆಳಕನ್ನು ನಂಬಿದ ಮರಿ ದಿಕ್ಕು ತಪ್ಪುತ್ತದೆ, ಮೊಟ್ಟೆಯಿಡಲು ಬಂದ ತಾಯಾಮೆ ಹಾಗೇ ಹಿಂದಿರುಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿ, ಹುಲಿ ಇರುವ ಪಟ್ಟಿಯಲ್ಲೇ, ಈ ಆಮೆಯೂ ಇದೆ.

ನಾವೆಲ್ಲ ಸೇರಿ ಗುಂಡಿ ಮುಚ್ಚಿದೆವು. ಮಗಳು ಗೆರಟೆ ಹಿಡಿದು ಗಾಲಿ ಗುರುತಿನುದ್ದಕ್ಕೂ ಮರಳು ಎಳೆದು ಸಮ ಮಾಡಿದಳು. ಅರ್ಧ ಗಂಟೆ ಹಿಡಿಯಿತು. ಹಿಂದಿರುಗಿ ನೋಡಿದಾಗ ಕಾರು ನಿಂತಿದ್ದ ಜಾಗಕ್ಕೆ ನೀರು ಬಂದು ತಲುಪಿತ್ತು. ಹತ್ತಿರದ ಪೆಟ್ರೋಲ್ ಬಂಕಿನವರೆಗೆ ನಡೆಯುವ ವೇಗದಲ್ಲಿ ಹೋಗಿ ಗಾಳಿ ತುಂಬಿಸಿದೆ. ಮರುದಿನ ಬೆಳಿಗ್ಗೆ ಉಪ್ಪು ಕಬ್ಬಿಣ ತಿನ್ನದಂತೆ ಕಾರಿನ ಅಡಿಯನ್ನು ಸಿಹಿನೀರಿನಲ್ಲಿ ಎರಡು ಸಲ ತೊಳೆಸಿದೆ.

ದಾರಿ ಬೇಕಾದದ್ದು ಕಾಲಿಗೆ

ಕಾರು ಓಡಿಸಲೆಂದೇ ಒದಗಿದ ದಂಡೆಗಳೂ ಇವೆ. ಕಣ್ಣೂರಿನ ಹತ್ತಿರದ ಮುಳಪ್ಪಿಲಂಗಾಡ್ ಅಂಥದ್ದು. ಸುಮಾರು ನಾಲ್ಕು ಕಿಲೋಮೀಟರ್ ಉದ್ದಕ್ಕೆ ಅಲ್ಲಿನ ಮರಳು ಗಟ್ಟಿ. ಅಮೆರಿಕದ ಡೇಟೋನಾ ದಂಡೆಯಲ್ಲಿ 1935ರವರೆಗೂ ಕಾರಿನ ವೇಗದ ದಾಖಲೆಗಳು ಆದವು. ಅಲ್ಲಿನ ಮರಳು ನುಣುಪು, ಇಳಿಜಾರು ತೀರ ಕಡಿಮೆ. ಆ ಚಿತ್ರ, ವಿಡಿಯೊಗಳನ್ನು ನೋಡಿ ಎಲ್ಲ ದಂಡೆಯೂ ಹಾಗೇ ಎಂದುಕೊಳ್ಳುತ್ತೇವೆ. ದಪ್ಪ ಮರಳಿನ, ಇಳಿಜಾರಿನ, ಪ್ರತಿ ಮಳೆಗಾಲಕ್ಕೆ ರೂಪ ಬದಲಿಸುವ ನಮ್ಮ ಅನೇಕ ದಂಡೆಗಳು ಹಾಗಲ್ಲ. ಗೋವಾದಲ್ಲಿ ದಂಡೆಯ ಮೇಲೆ ವಾಹನ ಓಡಿಸುವುದು ಕಾನೂನಿನ ಪ್ರಕಾರ ಅಪರಾಧ. ನಮ್ಮಲ್ಲೂ ಫಲಕಗಳಿರುವ ಕಡೆ ಅವನ್ನು ಓದಬೇಕು. ಫಲಕ ಇಲ್ಲದ ಕಡೆ ಗಾಳಿಮರಗಳ ಸಾಲನ್ನೇ ಫಲಕವೆಂದು ತಿಳಿಯಬೇಕು.

ಆದರೆ ನನ್ನ ಅಮ್ಮನಂಥವರ ಮಾತೇನು? ಆ ನೂರು ಹೆಜ್ಜೆ ನಡೆಯಲಾರದವರು ಕಡಲನ್ನು ದೂರದಿಂದಲೇ ನೋಡಬೇಕೇ? 2020ರ ಅಕ್ಟೋಬರಿನಲ್ಲಿ ದೇಶದ ಎಂಟು ದಂಡೆಗಳಿಗೆ, ಸ್ವಚ್ಛತೆ ಸುರಕ್ಷತೆಗಾಗಿ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಅದರಲ್ಲಿ ಹೊನ್ನಾವರದ ಕಾಸರಕೋಡು, ಉಡುಪಿ ಜಿಲ್ಲೆಯ ಪಡುಬಿದ್ರಿ ನಮ್ಮವು. ಆ ಮಾನ್ಯತೆಯ ನಿಯಮಗಳಲ್ಲಿ ಎರಡು ಸಂಗತಿ ಜೊತೆಜೊತೆಗೆ ಇವೆ. ದಂಡೆಯ ಮೇಲೆ ಅನುಮತಿಯಿಲ್ಲದೆ ವಾಹನ ಓಡಿಸಕೂಡದು, ಮತ್ತು ನಡೆಯಲು ತೊಂದರೆ ಇರುವವರಿಗೆ ದಂಡೆಗೆ ದಾರಿ ಕಲ್ಪಿಸಬೇಕು. ಒಂದನ್ನು ಬಿಟ್ಟು ಇನ್ನೊಂದಿಲ್ಲ. ಮರಳಿನ ಮೇಲೆ ಹಾಸಿದ ಒಂದು ಮರದ ಹಲಗೆಯ ದಾರಿ, ಅಗಲ ಗಾಲಿಯ ಒಂದು ಕುರ್ಚಿ ಇದ್ದರೆ ಯಾರೂ ಅಮ್ಮನ ಸಲುವಾಗಿ ಕಾರನ್ನು ಕಡಲಿಗೆ ಇಳಿಸಬೇಕಾಗಿಲ್ಲ. ಕರಾವಳಿಯ ಪ್ರತಿ ಗ್ರಾಮ ಪಂಚಾಯಿತಿ ತನ್ನ ದಂಡೆಗೆ ಇಂಥದ್ದೊಂದು ದಾರಿ ಮಾಡಿಸಲಿ. ಕಾರು ನಿಲ್ಲಿಸಲು ಜಾಗ ಮಾಡುವಾಗಲೇ ಕಾಲಿಗೂ ಒಂದು ದಾರಿ ಮಾಡಲಿ.

ಓದುಗರಲ್ಲೂ ಒಂದು ಕೋರಿಕೆ. ಕಾರು ಗಾಳಿಮರದಡಿ ಇರಲಿ. ಎಲ್ಲಾದರೂ ಹೂತರೆ ಮೊದಲು ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ, ಜನರನ್ನು ಇಳಿಸಿ, ಟಯರಿನ ಗಾಳಿ ಇಳಿಸಿ, ಬಂದ ಗುರುತಿನಲ್ಲೇ ಹಿಂದೆ ಹೋಗಿ, ಹತ್ತಿರದ ಕೇರಿಯವರನ್ನು ಕೂಗಿ ಕರೆಯಿರಿ. ಹೊರಡುವ ಮುನ್ನ ಗುಂಡಿ ಮುಚ್ಚಿ.

ಮೊನ್ನೆ ಫೋನಿನಲ್ಲಿ ಅಮ್ಮ ಮತ್ತೆ ಕಡಲಿನ ಮಾತು ತೆಗೆದಳು. ಕಾರಿನ ಡಿಕ್ಕಿಯಲ್ಲಿ ಈಗ ಒಂದು ಪ್ಲಾಸ್ಟಿಕ್ ಕುರ್ಚಿ ಇದೆ. ಅದನ್ನು ಹೊರಲು ಇಬ್ಬರು ಸಾಕು.